ಇಲ್ಲಿ ಎರಡನೇ ಸಲ ಕೇಳುವುದಿಲ್ಲ

ಸೆಪ್ಟೆಂಬರ್‌ನಲ್ಲಿ ಮಾಸ್ಟರ್ಸ್ ಓದಲು ಫ್ರಾನ್ಸಿನ ಲಿಯಾನ್‌ಗೆ ಬರ್ತಿದ್ದೀನಿ, ಕುಡಿಯಲ್ಲ, ಮಾಂಸ ತಿನ್ನಲ್ಲ, ಯಾರಾದರೂ ಊಟಕ್ಕೆ ಕರೆದು ವೈನ್ ಕೊಟ್ಟರೆ ಏನು ಮಾಡಲಿ, ಓಡಾಟದ ಖರ್ಚು ಹೇಗೆ ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದು 17 ವರ್ಷವಾಯಿತು. ನಾನೂ ಬಂದದ್ದು ಸೆಪ್ಟೆಂಬರ್‌ನಲ್ಲೇ.

ಓಡಾಟದ್ದು ದೊಡ್ಡ ವಿಷಯವಲ್ಲ. 27 ವರ್ಷದವರೆಗೆ 49 ಯೂರೋಗೆ ವರ್ಷವಿಡೀ ನಡೆಯುವ ರೈಲು ರಿಯಾಯಿತಿ ಕಾರ್ಡ್ ಇದೆ, ತಗೊಳ್ಳಿ. ಪ್ಯಾರಿಸ್‌ಗೆ ಟಿಜಿವಿ ಅನ್ನುವ ಅತಿವೇಗದ ರೈಲಿನಲ್ಲಿ ಎರಡೇ ಗಂಟೆ. ಟಿಕೆಟ್ ಮುಂಚೆಯೇ ತೆಗೆದಿಡಿ.

ಊಟ ಸ್ವಲ್ಪ ಕಷ್ಟ. ಈ ಊರು ಹೆಸರಾದದ್ದೇ ಮಾಂಸದ ಅಡುಗೆಗೆ. ಸಲಾಡ್ ಅಂತ ನಂಬಿ ಕೂರಬೇಡಿ, ಲಿಯಾನ್ ಸಲಾಡ್‌ನಲ್ಲಿ ಹಂದಿಮಾಂಸದ ಚೂರು ಇರುತ್ತದೆ. ಹೋಟೆಲಲ್ಲಿ ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ. 'ಕರಾಫ್ ದೋ' ಎಂದು ಕೇಳಿ, ನಲ್ಲಿ ನೀರು ಪುಕ್ಕಟೆ ತಂದಿಡುತ್ತಾರೆ. ಅಂಗಡಿಗೆ ಕಾಲಿಟ್ಟ ತಕ್ಷಣ 'ಬೋಂಜೂರ್' ಅನ್ನಿ. ಬೇಕಾದ್ದು ಆಮೇಲೆ ಕೇಳಿ.

ಇನ್ನು ವೈನ್. ಕುಡಿಯಲೇಬೇಕು ಅಂತ ನನ್ನನ್ನು ಯಾರೂ ಒತ್ತಾಯ ಮಾಡಿಲ್ಲ. ನಾನೇ ರುಚಿ ನೋಡೋಣ ಅಂತ ಹೊರಟವನು. ಮೊದಲ ಸಲ ಆಫೀಸಿನವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಎಲೆಯಲ್ಲಿ ಬಿಡಬಾರದು ಅಂತ ಬೆಳೆದವರಲ್ವಾ ನಾವು? ಲೋಟದಲ್ಲೂ ಬಿಡಬಾರದು ಅಂದುಕೊಂಡು ಖಾಲಿ ಮಾಡಿದೆ. ಖಾಲಿ ಲೋಟ ಕಂಡು ಅವರು ಮತ್ತೆ ಸುರಿದರು. ನಾನು ಮತ್ತೆ ಮುಗಿಸಿದೆ. ಸಾಕು ಅನ್ನುವವರು ಸುಮ್ನೆ ಅರ್ಧ ಲೋಟ ಬಿಟ್ಟು ಕೂರುತ್ತಾರೆ ಅಂತ ಗೊತ್ತಾಗುವಷ್ಟರಲ್ಲಿ ನನಗೆ ನಿಲ್ಲಲು ಗೋಡೆ ಬೇಕಾಗಿತ್ತು.

ಅದೇ ರಾತ್ರಿ ಇನ್ನೊಂದು ಆಯಿತು. ಕೆನೆ ಹಾಕಿ ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆ ಗ್ರಾತಾಂ ತುಂಬಾ ಚೆನ್ನಾಗಿತ್ತು. ಇನ್ನೂ ಸ್ವಲ್ಪ ಹಾಕಲಾ ಎಂದು ಮನೆಯಾಕೆ ಕೇಳಿದರು. ಖುಷಿಯಿಂದ 'ಮೆರ್ಸಿ', ಅಂದರೆ ಥ್ಯಾಂಕ್ಸ್, ಅಂದೆ. ಪಾತ್ರೆ ಪಕ್ಕದವರ ಕಡೆ ಹೋಯಿತು! ಇಲ್ಲಿ ಬಡಿಸುವಾಗ ಬರೀ 'ಮೆರ್ಸಿ' ಅಂದರೆ ಬೇಡ ಅಂತಲೂ ಆಗುತ್ತದೆ. ಬೇಕಿದ್ದರೆ 'ವೀ', ಅಂದರೆ ಹೌದು, ಅನ್ನೋದನ್ನು ಮರೆಯಬೇಡಿ.

ಇವೆಲ್ಲ ನಗುವ ವಿಷಯ. ಒಂದು ಮಾತ್ರ ಇವತ್ತಿಗೂ ನಗು ತರಿಸುವುದಿಲ್ಲ. ಆಗ ನಾನಿದ್ದ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜ ಇದ್ದರು. ಲಿಯಾನ್‌ಗೆ ಮೂರು ನದಿ, ರೋನ್, ಸೋನ್, ಬೋಜೊಲೆ ಅನ್ನುವ ಇಲ್ಲಿನ ಹಳೇ ತಮಾಷೆಯನ್ನು ನನಗೆ ಹೇಳಿದವರು ಅವರೇ. ಬೋಜೊಲೆ ನದಿಯಲ್ಲ, ಊರಿನ ಉತ್ತರಕ್ಕಿರುವ ದ್ರಾಕ್ಷಿ ಬೆಟ್ಟಗಳು, ಅಲ್ಲಿನ ವೈನು. ಅಲ್ಲಿ ಅವರ ತಮ್ಮನ ತೋಟವಿತ್ತು. 'ಭಾನುವಾರ ಕೊಯ್ಲಿಗೆ ಹೋಗ್ತಿದ್ದೀನಿ, ಕಾರಲ್ಲಿ ಜಾಗ ಇದೆ, ಬರ್ತೀರಾ?' ಅಂದರು. ಹೋಗುವ ಆಸೆ ಬಾಯಿತುದಿಗೆ ಬಂದಿತ್ತು. ಆದರೂ 'ಅಯ್ಯೋ, ನಿಮಗ್ಯಾಕೆ ತೊಂದರೆ, ಬೇಡ' ಅಂದೆ. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಮೊದಲ 'ಬೇಡ'ಕ್ಕೆ ಬೆಲೆಯೇ ಇಲ್ಲ. ಅವರು 'ಸರಿ' ಅಂದು ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ನಾನು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತೇ ಇದ್ದೆ, ಮತ್ತೆ ತೆಗೆಯುತ್ತಾರೇನೋ ಅಂತ.

ಮುಂದಿನ ವರ್ಷ ಕರೆಯಲಿಲ್ಲ. ಹುಡುಗನಿಗೆ ಇಷ್ಟವಿಲ್ಲ ಅಂದುಕೊಂಡಿರಬೇಕು. ನಾನೇ ಬಾಗಿಲು ತಟ್ಟಿ ಕೇಳಬಹುದಿತ್ತು, ಸಂಕೋಚ ಬಿಡಲಿಲ್ಲ. ಆಮೇಲೆ ಅವರು ಮಗಳ ಊರಿಗೆ ಹೋದರು. ನವೆಂಬರ್‌ನ ಮೂರನೇ ಗುರುವಾರ ಹೊಸ ಬೋಜೊಲೆ ಅಂಗಡಿಗೆ ಬರುತ್ತದೆ. ಪ್ರತಿ ವರ್ಷ ಒಂದು ಬಾಟಲಿ ತರುತ್ತೇನೆ. ಒಳ್ಳೇ ವೈನೇನೂ ಅಲ್ಲ ಬಿಡಿ.

ಹಾಗಾಗಿ ಯಾರಾದರೂ ಕರೆದರೆ, ಮನಸ್ಸಿದ್ದರೆ, ಮೊದಲ ಸಲವೇ ಹೂಂ ಅನ್ನಿ. ಮಾಂಸ ತಿನ್ನಲ್ಲ, ಕುಡಿಯಲ್ಲ ಅನ್ನೋದನ್ನೂ ಆಗಲೇ ಹೇಳಿಬಿಡಿ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಇನ್ನೊಂದು ಚಪಾತಿ ಹಾಕಲಾ ಅಂತ ಕೇಳಿದೆ. ಬೇಡ ಅಂದರು. ನಾನು ಡಬ್ಬಿ ಮುಚ್ಚಿಟ್ಟೆ. ಆಮೇಲೆ ಫೋನಿನಲ್ಲಿ ಅಕ್ಕನಿಗೆ ಹೇಳಿದರಂತೆ: 'ಚೆನ್ನಾಗೇ ನೋಡ್ಕೋತಾನೆ. ಆದ್ರೆ ಒಂದೇ ಸಲ ಕೇಳ್ತಾನೆ.'