ಶಿಕ್ಷಣವನ್ನು ಉಚಿತ ಮಾಡಿದರೆ ಜಗತ್ತಿನ ಎಲ್ಲ ಮಕ್ಕಳೂ ಓದುತ್ತಾರಲ್ಲವೇ?

ಶುಲ್ಕ ತೆಗೆದುಹಾಕಿ, ಪುಸ್ತಕ ಮತ್ತು ಊಟ ಕೊಟ್ಟರೆ ಪ್ರತಿಯೊಂದು ಮಗುವೂ ಶಾಲೆಗೆ ಬರುತ್ತದೆಯಲ್ಲವೇ, ಇನ್ನೇನು ಅಡ್ಡಿ ಎಂದು ಕೇಳಿದ್ದೀರಿ. ಬರುತ್ತದೆ, ಆದರೆ ಉಳಿಯುವುದಿಲ್ಲ. ನಾನು ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನೀವು ಹೇಳಿದ್ದೆಲ್ಲವೂ ನಮ್ಮಲ್ಲಿದೆ. ಬಿಸಿಯೂಟ ನಮ್ಮ ಭಾಗದ ಏಳು ಜಿಲ್ಲೆಗಳಲ್ಲಿ 2002ರಲ್ಲೇ ಶುರುವಾಯಿತು, 2013ರಲ್ಲಿ ಹಾಲೂ ಬಂತು. ಪುಸ್ತಕ, ಸಮವಸ್ತ್ರ ಎರಡೂ ಉಚಿತ. ಆದರೂ ದೀಪಾವಳಿ ಕಳೆದ ವಾರ ಹಾಜರಿ ಪುಸ್ತಕದ ಅರ್ಧಕ್ಕರ್ಧ ಸಾಲುಗಳು ಖಾಲಿ ಬೀಳುತ್ತವೆ.

ದೀಪಾವಳಿ ನಮ್ಮ ತಾಂಡಾದ ದೊಡ್ಡ ಹಬ್ಬ. ಹುಡುಗಿಯರು ದೀಪ ಹಿಡಿದು 'ಮೇರಾ' ಎಂಬ ಹಬ್ಬದ ಹಾಡು ಹಾಡುತ್ತಾ ಮನೆಮನೆಗೆ ಹೋಗುತ್ತಾರೆ. ಅದಾದ ನಾಲ್ಕೈದು ದಿನಗಳಿಗೆ ಟ್ರ್ಯಾಕ್ಟರ್‌ಗಳು ಬಂದು ನಿಲ್ಲುತ್ತವೆ. ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು ಎಲ್ಲವನ್ನೂ ಹೇರಿಕೊಂಡು ಕಬ್ಬು ಕಡಿಯಲು ಗುಳೆ ಹೊರಡುತ್ತಾರೆ. ಕೆಲವರು ಬಾಗಲಕೋಟೆ, ಬೆಳಗಾವಿ ಕಡೆಗೆ, ಹಲವರು ಮಹಾರಾಷ್ಟ್ರಕ್ಕೆ. ಮಳೆಗಾಲದಲ್ಲೇ ಮುಕಾದಮನಿಂದ, ಅಂದರೆ ಕೂಲಿಯವರನ್ನು ಹೊಂದಿಸುವ ಗುತ್ತಿಗೆದಾರನಿಂದ, ಮುಂಗಡ ಪಡೆದಿರುತ್ತಾರೆ. ಮುಂಗಡ ಸಿಗುವುದು ಗಂಡ ಹೆಂಡತಿಯ ಜೋಡಿಗೆ. ಗಂಡ ಕಡಿಯಬೇಕು, ಹೆಂಡತಿ ಕಟ್ಟು ಕಟ್ಟಿ ಹೊರಬೇಕು. ಹಾಗಾಗಿ ಅವ್ವನನ್ನು ಊರಲ್ಲಿ ಬಿಟ್ಟು ಅಪ್ಪನೊಬ್ಬನೇ ಹೋಗುವ ಮಾತೇ ಇಲ್ಲ. ಮರಳುವುದು ಹೋಳಿಯ ಹೊತ್ತಿಗೆ, ಕೆಲವು ವರ್ಷ ಯುಗಾದಿಗೆ. ಅಷ್ಟರಲ್ಲಿ ಪರೀಕ್ಷೆ ಎದುರಿಗೇ ಬಂದಿರುತ್ತದೆ, ಇಲ್ಲವೇ ಮುಗಿದಿರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ನಾನು ಕೊಲ್ಹಾಪುರದ ಕಡೆಯ ಒಂದು ಕಬ್ಬಿನ ಗದ್ದೆಗೆ ಹೋಗಿದ್ದೆ. ನನ್ನ ಐದನೇ ತರಗತಿಯ ಒಬ್ಬ ಹುಡುಗಿ ಅಲ್ಲಿದ್ದಳು. ಗಣಿತದಲ್ಲಿ ಅಷ್ಟು ಚುರುಕಾದವಳು ಆ ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗುಡಿಸಲಿನ ಮುಂದೆ ಎಂಟು ತಿಂಗಳ ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡು ನಿಂತಿದ್ದಳು. ನನ್ನನ್ನು ಕಂಡವಳೇ ಒಳಗೆ ಓಡಿ, ಸೋಗೆಯ ಸಂದಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಗಣಿತದ ಪುಸ್ತಕ ತಂದು ತೋರಿಸಿದಳು. ಅದರ ಹಾಳೆಗಳ ನಡುವೆ ಕಾರ್ಖಾನೆಯ ತೂಕದ ಚೀಟಿಗಳಿದ್ದವು. ಅಪ್ಪನಿಗೆ ಓದು ಬರುವುದಿಲ್ಲ. ಎಷ್ಟು ಟನ್ ಆಯಿತು, ಮುಂಗಡದಲ್ಲಿ ಎಷ್ಟು ತೀರಿತು ಎಂಬ ಲೆಕ್ಕವನ್ನು ಅವಳೇ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಒಂದೂ ತಪ್ಪಿರಲಿಲ್ಲ. ಶಾಲೆಗೆ ಯಾಕೆ ಹೋಗುತ್ತಿಲ್ಲ ಎಂದು ಕೇಳಿದೆ. "ಇವನನ್ನು ಯಾರು ಹಿಡಿಯಬೇಕು ಸರ್?" ಎಂದು ತಮ್ಮನ ಕಡೆ ನೋಡಿದಳು.

ನಿಮ್ಮ ಪ್ರಶ್ನೆ ಓದಿದಾಗ ನನಗೆ ನೆನಪಾದದ್ದು ಆ ಕೂಸು. ಆ ಹುಡುಗಿಯನ್ನು ತಡೆದದ್ದು ಶುಲ್ಕವಲ್ಲ. ಕಾನೂನೂ ಅವಳ ಪರವಾಗಿಯೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಬೇರೆ ರಾಜ್ಯಕ್ಕೆ ಹೋದ ಮಗುವನ್ನೂ ಅಲ್ಲಿನ ಸರ್ಕಾರಿ ಶಾಲೆ ಸೇರಿಸಿಕೊಳ್ಳಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ವಾಪಸ್ ಕಳಿಸುವಂತಿಲ್ಲ. ಆದರೆ ಅಲ್ಲಿಯ ಶಾಲೆಯಲ್ಲಿ ಪಾಠ ನಡೆಯುವುದು ಮರಾಠಿಯಲ್ಲಿ. ನಮ್ಮ ಮಕ್ಕಳು ಮನೆಯಲ್ಲಿ ಆಡುವುದು ಲಂಬಾಣಿ. ಅವ್ವನನ್ನು 'ಯಾಡಿ' ಎನ್ನುವ ಮಗುವಿಗೆ ಒಂದನೇ ತರಗತಿಯಲ್ಲಿ ಕನ್ನಡ ಹಿಡಿಸುವುದಕ್ಕೇ ನನಗೆ ವರ್ಷ ಬೇಕಾಗುತ್ತದೆ. ಅದರ ಮೇಲೆ ಐದು ತಿಂಗಳಿಗೆಂದು ಮೂರನೆಯ ಭಾಷೆಯ ತರಗತಿಯಲ್ಲಿ ಕೂರಿಸಿದರೆ ಆ ಮಗು ಏನು ಕಲಿತೀತು? ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆ ಕಡೆ ಕನ್ನಡ ಶಾಲೆಗಳಿವೆ, ನಿಜ. ಆದರೆ ನಮ್ಮವರು ದುಡಿಯುವುದು ಕೊಲ್ಹಾಪುರದ ಪಂಚಗಂಗಾ ನದಿಯ ದಂಡೆಯ ಗದ್ದೆಗಳಲ್ಲಿ.

ಹಾಗಾದರೆ ಏನು ಮಾಡಬೇಕು? ನನ್ನ ಕಣ್ಣೆದುರು ಕೆಲಸ ಮಾಡಿದ್ದು ಒಂದೇ: ಮಗುವನ್ನು ಊರಲ್ಲೇ ಉಳಿಸಿಕೊಳ್ಳುವುದು. ಅಜ್ಜಿಯರು ಇಟ್ಟುಕೊಳ್ಳಲು ಸಿದ್ಧರಿದ್ದಾರೆ, ಆದರೆ ರಾತ್ರಿ ಉಣ್ಣಿಸಲು ಅವರ ಮನೆಯಲ್ಲಿ ಕಾಳಿಲ್ಲ. ಶಾಲೆಯ ಊಟ ಮಧ್ಯಾಹ್ನಕ್ಕೆ ಮಾತ್ರ. ಒಂದು ವರ್ಷ ನಮ್ಮಲ್ಲಿ ಗುಳೆಯ ತಿಂಗಳುಗಳಿಗೆಂದೇ ವಸತಿನಿಲಯ ನಡೆದಿತ್ತು. ರಾತ್ರಿಯ ಊಟ, ಮಲಗಲು ಜಾಗ, ನೋಡಿಕೊಳ್ಳಲು ಊರಿನದೇ ಒಬ್ಬ ಹೆಂಗಸು. ಆ ವರ್ಷ ಮೂವತ್ತೊಂದು ಮಕ್ಕಳು ನನ್ನ ಮುಂದೆ ಕೂತು ವಾರ್ಷಿಕ ಪರೀಕ್ಷೆ ಬರೆದರು. ಮರುವರ್ಷ ಅನುದಾನ ಬಂದದ್ದು ಜನವರಿಯಲ್ಲಿ. ಟ್ರ್ಯಾಕ್ಟರ್‌ಗಳು ಹೋಗಿ ಎರಡು ತಿಂಗಳಾಗಿತ್ತು. ಅನುದಾನ ಮಂಜೂರು ಮಾಡುವವರು ಕಬ್ಬಿನ ಹಂಗಾಮು ಯಾವಾಗ ಶುರುವಾಗುತ್ತದೆ ಎಂದು ನಮ್ಮನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಇದನ್ನು ಸಂಕಟದಿಂದಲೇ ಬರೆಯುತ್ತಿದ್ದೇನೆ.

ಊರಲ್ಲಿ ಉಳಿಸಲಾಗದ ಹುಡುಗಿಯರಿಗೆ ಗದ್ದೆಯ ಹತ್ತಿರವೇ ಕೂಸುಗಳನ್ನು ನೋಡಿಕೊಳ್ಳುವ ಜಾಗ ಬೇಕು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂದಿದೆ. ಕಬ್ಬಿನ ಕಾರ್ಖಾನೆಗಳ ಸುತ್ತಮುತ್ತಲೂ ಅಂಥದ್ದೊಂದು ಇದ್ದರೆ ಎಷ್ಟೋ ಅಕ್ಕಂದಿರ ಸೊಂಟ ಹಗುರಾಗುತ್ತದೆ.

ಜಗತ್ತಿನಲ್ಲಿ ಸುಮಾರು 27 ಕೋಟಿ ಮಕ್ಕಳು ಮತ್ತು ಹದಿಹರೆಯದವರು ಶಾಲೆಯಿಂದ ಹೊರಗಿದ್ದಾರೆ ಎಂಬುದು ಯುನೆಸ್ಕೊದ ಲೆಕ್ಕ. ಅವರೆಲ್ಲರಿಗೂ ಒಂದೇ ಮದ್ದು ನಾಟುವುದಿಲ್ಲ. ಅಫ್ಗಾನಿಸ್ತಾನದಲ್ಲಿ 2021ರಿಂದ ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆಯ ಬಾಗಿಲನ್ನೇ ಮುಚ್ಚಲಾಗಿದೆ. ನಮ್ಮಲ್ಲಿ ಬಾಗಿಲು ತೆರೆದಿದೆ, ಮಗು ಊರಲ್ಲಿಲ್ಲ. ಎಲ್ಲೇ ಆಗಲಿ, ಆ ಮಗು ಈಗ ಎಲ್ಲಿದೆ, ಅದರ ಕೈಯಲ್ಲಿ ಏನಿದೆ ಎಂದು ಮೊದಲು ಹೋಗಿ ನೋಡಬೇಕು.

ಆ ಹುಡುಗಿ ಈಗ ಎಂಟನೇ ತರಗತಿಯಲ್ಲಿದ್ದಾಳೆ. ತಮ್ಮ ಅಂಗನವಾಡಿಗೆ ಹೋಗುತ್ತಾನೆ. ಈ ವರ್ಷವೂ ಅಪ್ಪ ಮುಂಗಡ ತೆಗೆದುಕೊಂಡಾಗಿದೆ. ಇಬ್ಬರನ್ನೂ ಊರಲ್ಲೇ ಬಿಟ್ಟು ಹೋಗುವಂತೆ ಕೇಳಲು ದೀಪಾವಳಿಗೆ ಮೊದಲು ಅವರ ಅಜ್ಜಿಯ ಮನೆಗೆ ಹೋಗುತ್ತೇನೆ. ಜೋಳದ ಚೀಲವೊಂದನ್ನು ಹೊಂದಿಸಿಟ್ಟಿದ್ದೇನೆ.