ಕೆರಿಯ ಸಲಿವನ್‌ಗಳಲ್ಲಿ ನಿಮ್ಮವರು ಯಾರು? ಹೆಸರು ಬಿಡಿ, ಹೊಲ ಹುಡುಕಿ

ನಮಸ್ಕಾರ. ನೀವು ಬಾಸ್ಟನ್‌ನಲ್ಲಿದ್ದೀರಿ, ನಿಮ್ಮ ಮಾವನವರ ಅಜ್ಜ ಡ್ಯಾನಿಯಲ್ ಸಲಿವನ್ 1880ರ ಸುಮಾರಿಗೆ ಐರ್ಲೆಂಡಿನ ಕೆರಿ ಕೌಂಟಿಯಿಂದ ಅಲ್ಲಿಗೆ ಬಂದವರು, ಅದಕ್ಕಿಂತ ಜಾಸ್ತಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಮಾವನವರಿಗೆ 80 ತುಂಬುವ ದಿನಕ್ಕೆ ಅವರ ಮೂಲ ಊರು ಹುಡುಕಿ ತೋರಿಸಬೇಕು, ಆದರೆ ದುಡ್ಡು ಕಟ್ಟಿ ಹುಡುಕಿದ ಕಡೆಯೆಲ್ಲ ನೂರಾರು ಡ್ಯಾನಿಯಲ್ ಸಲಿವನ್‌ಗಳು ಬರುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಮೈಸೂರಿನವಳು. ಮದುವೆಯಾಗಿ ಬಂದು 14 ವರ್ಷದಿಂದ ಕಾರ್ಕ್‌ನಲ್ಲಿದ್ದೇನೆ. ನಮ್ಮ ಅತ್ತೆಯವರ ತವರು ಕೆರಿಯ ದಕ್ಷಿಣಕ್ಕೆ, ಕೆನ್ಮೇರ್ ಹತ್ತಿರ. ಅವರೂ ಸಲಿವನ್ ಮನೆತನದವರೇ. ಅವರಿಗಾಗಿ ನೀವು ಮಾಡಹೊರಟಿರುವ ಕೆಲಸವನ್ನೇ ನಾನು ಮೂರು ವರ್ಷ ಮಾಡಿದೆ, ಅದಕ್ಕೇ ನಿಮ್ಮ ಪ್ರಶ್ನೆ ನೋಡಿದ ತಕ್ಷಣ ಬರೆಯಲು ಕೂತೆ.

ಮೊದಲು ಒಂದು ಮಾತು. ಹೆಸರು ಹಾಕಿ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಕೆರಿಯಲ್ಲಿ ಸಲಿವನ್‌ಗಿಂತ ಸಾಮಾನ್ಯವಾದ ಮನೆತನದ ಹೆಸರು ಇನ್ನೊಂದಿಲ್ಲ. ಅದರ ಜತೆ ಡ್ಯಾನಿಯಲ್, ಜಾನ್, ಮೈಕಲ್ ಸೇರಿಸಿದರೆ ಒಂದೇ ಬೀದಿಯಲ್ಲಿ ನಾಲ್ಕು ಜನ ಸಿಗುತ್ತಾರೆ. ನಿಮಗೆ ಬೇಕಿರುವುದು ಟೌನ್‌ಲ್ಯಾಂಡ್ ಹೆಸರು. ಟೌನ್ ಅಂತ ಇದ್ದರೂ ಪಟ್ಟಣಕ್ಕೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಮಜರೆ ಇದೆಯಲ್ಲ, ಹಾಗೆ. ಐದಾರು ಮನೆ, ಒಂದಿಷ್ಟು ಹೊಲ, ಗುಡ್ಡ, ಅಷ್ಟೇ. ಐರ್ಲೆಂಡಿನಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. ಜಮೀನಿನ ದಾಖಲೆಗಳೆಲ್ಲ ಈ ಹೆಸರಿನ ಕೆಳಗೇ ಇವೆ. ಚರ್ಚಿನ ಪುಸ್ತಕದಲ್ಲೂ ಪಾದ್ರಿಗಳು ಬಹಳ ಕಡೆ ಇದನ್ನು ಬರೆದಿಟ್ಟಿದ್ದಾರೆ. ಪಹಣಿ ತೆಗೆಸಲು ಹೋದಾಗ ಸರ್ವೆ ನಂಬರ್ ಇಲ್ಲದೆ ಬರೀ ಅಜ್ಜನ ಹೆಸರು ಹೇಳಿದರೆ ಕೆಲಸ ಆಗುತ್ತಾ? ಇಲ್ಲೂ ಅದೇ ಕಥೆ.

ಆ ಹೆಸರು ಐರ್ಲೆಂಡಿಗಿಂತ ಮೊದಲು ನಿಮ್ಮ ಬಾಸ್ಟನ್‌ನಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಮ್ಯಾಸಚೂಸೆಟ್ಸ್‌ನಲ್ಲಿ 1841ರಿಂದಲೇ ಜನನ, ಮರಣ, ಮದುವೆ ದಾಖಲೆ ಇದೆ. ಡ್ಯಾನಿಯಲ್ ಅಲ್ಲಿ ಮದುವೆಯಾಗಿದ್ದರೆ ಆ ದಾಖಲೆಯಲ್ಲಿ ಅವರ ಅಪ್ಪ ಅಮ್ಮನ ಹೆಸರು ಸಿಗಬಹುದು. ಅಮ್ಮನ ತವರಿನ ಹೆಸರು ಸಿಕ್ಕರಂತೂ ಅದನ್ನು ಬಂಗಾರದ ಹಾಗೆ ಜೋಪಾನ ಮಾಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಅವರು ಮದುವೆಯಾದ ಚರ್ಚಿನ ಪುಸ್ತಕ, ಸಮಾಧಿ ಕಲ್ಲು, ಪೇಪರಿನಲ್ಲಿ ಬಂದ ಮರಣ ಸುದ್ದಿ ಎಲ್ಲ ನೋಡಿ. ಬಾಸ್ಟನ್ ಪೈಲಟ್ ಅನ್ನೋ ಪತ್ರಿಕೆ 1831ರಿಂದ ಸುಮಾರು 90 ವರ್ಷ, ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ‘ನನ್ನ ಅಣ್ಣ ಇಂಥ ಊರಿನವನು, ಇಂಥ ವರ್ಷ ಹಡಗು ಹತ್ತಿದ’ ಎನ್ನುವಂಥ ಸಾಲುಗಳು. ಎಷ್ಟೋ ಜಾಹೀರಾತಿನಲ್ಲಿ ಊರು, ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ಗುಂಪು) ಎರಡೂ ಇರುತ್ತವೆ. ಓದುತ್ತಾ ಹೋದರೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ, ಆದರೂ ಓದಿ.

ಐರ್ಲೆಂಡಿನ ದಾಖಲೆ ಎಲ್ಲಾ ಸುಟ್ಟುಹೋಗಿದೆ ಅಂತ ಯಾರೋ ನಿಮಗೆ ಹೇಳಿದ್ದಾರಂತೆ. ಅದು ಅರ್ಧ ನಿಜ. 1922ರ ಜೂನ್ 30ರಂದು, ಅಂತರ್ಯುದ್ಧದ ಹೊತ್ತಿನಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಭಂಡಾರ ಸ್ಫೋಟದಲ್ಲಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು, ವಿಲ್‌ಗಳು, ಚರ್ಚ್ ಆಫ್ ಐರ್ಲೆಂಡ್ ಅನ್ನೋ ಪ್ರಾಟೆಸ್ಟೆಂಟ್ ಚರ್ಚಿನ ಅರ್ಧಕ್ಕಿಂತ ಜಾಸ್ತಿ ಪುಸ್ತಕಗಳು ಹೋದವು. ಅದರ ಮುಂದಿನ ನಾಲ್ಕು ಗಣತಿಗಳ ಕಾಗದವನ್ನು ಸರ್ಕಾರವೇ ಹಾಳುಮಾಡಿತ್ತು. ಆದರೆ ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳು ಡಬ್ಲಿನ್‌ಗೆ ಹೋಗಿಯೇ ಇರಲಿಲ್ಲ. ಆಯಾ ಊರಿನ ಪಾದ್ರಿ ಮನೆಯಲ್ಲೇ ಇದ್ದವು, ಉಳಿದವು. 1901 ಮತ್ತು 1911ರ ಗಣತಿ ಪೂರ್ತಿ ಉಳಿದಿದೆ, ನ್ಯಾಷನಲ್ ಆರ್ಕೈವ್ಸ್ ಸೈಟಿನಲ್ಲಿ ಬಿಟ್ಟಿಯಾಗಿ ನೋಡಬಹುದು. ಮನೆಯ ಮುಂಭಾಗಕ್ಕೆ ಎಷ್ಟು ಕಿಟಕಿ, ಚಾವಣಿ ಹುಲ್ಲಿನದಾ, ಯಾರಿಗೆ ಐರಿಶ್ ಭಾಷೆ ಬರುತ್ತಿತ್ತು, ಎಲ್ಲಾ ಇದೆ. 1911ರಲ್ಲಿ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಬದುಕಿವೆ ಅಂತಲೂ ಕೇಳಿದ್ದರು. ನಮ್ಮ ಅತ್ತೆಯ ಮುತ್ತಜ್ಜಿಯ ಹೆಸರಿನ ಮುಂದೆ 11 ಮತ್ತು 7 ಅಂತಿತ್ತು. ಅತ್ತೆ ಆ ಎರಡು ಅಂಕಿ ನೋಡಿ ತುಂಬ ಹೊತ್ತು ಮಾತಾಡಲಿಲ್ಲ.

ವಯಸ್ಸನ್ನು ಮಾತ್ರ ನಂಬಬೇಡಿ. 1909ರಲ್ಲಿ 70 ವರ್ಷ ದಾಟಿದವರಿಗೆ ಪಿಂಚಣಿ ಶುರುವಾಯಿತು. ಹಾಗಾಗಿ 1901ರಲ್ಲಿ 55 ಇದ್ದವರು 1911ರಲ್ಲಿ 70 ಆಗಿದ್ದರೂ ಆಶ್ಚರ್ಯ ಇಲ್ಲ.

ಸರ್ಕಾರಿ ಜನನ, ಮರಣ ದಾಖಲೆ ಎಲ್ಲರಿಗೂ ಶುರುವಾದದ್ದು 1864ರಲ್ಲಿ. ಐರಿಶ್ ಜೀನಿಯಾಲಜಿ ಡಾಟ್ ಐಇ ಅನ್ನೋ ಸರ್ಕಾರಿ ಸೈಟಿನಲ್ಲಿ ಮೂಲ ಪುಟದ ಚಿತ್ರವೇ ಸಿಗುತ್ತದೆ, ದುಡ್ಡು ಬೇಡ. ನಿಮ್ಮ ಡ್ಯಾನಿಯಲ್ 1858ರ ಆಸುಪಾಸಿನಲ್ಲಿ ಹುಟ್ಟಿದವರಾದರೆ ಅಲ್ಲಿ ಅವರ ಜನನ ಸಿಗುವುದಿಲ್ಲ. ಆದರೆ ಅವರ ತಮ್ಮ ತಂಗಿಯರು 1864ರ ನಂತರ ಹುಟ್ಟಿರಬಹುದು ಅಲ್ವಾ? ಆ ಮಕ್ಕಳ ಜನನ ಪತ್ರದಲ್ಲಿ ಅಪ್ಪ, ಅಮ್ಮ, ಅಮ್ಮನ ತವರಿನ ಹೆಸರು, ಟೌನ್‌ಲ್ಯಾಂಡ್ ಎಲ್ಲಾ ಇರುತ್ತವೆ. ಅಮ್ಮನ ತವರಿನ ಹೆಸರು ಜೋಪಾನ ಅಂದದ್ದು ಇದಕ್ಕೇ. ಬರೀ ಡ್ಯಾನಿಯಲ್ ಸಲಿವನ್ ನೂರು ಜನ. ಅಪ್ಪ ಜಾನ್ ಸಲಿವನ್, ಅಮ್ಮ ಹೊನೋರಾ ಶೇ, ಈ ಜೋಡಿ ಮೂರೋ ನಾಲ್ಕೋ. ನಾನು ಅತ್ತೆಯ ಊರು ಹಿಡಿದದ್ದು ಹೀಗೇ, ಊರಿನಲ್ಲೇ ಉಳಿದ, ಅವರ ಹಿರಿಯರೊಬ್ಬರ ಚಿಕ್ಕ ತಂಗಿಯ ಮೂಲಕ.

ಈಗ ಚರ್ಚಿನ ಪುಸ್ತಕ. ಐರ್ಲೆಂಡಿನ ನ್ಯಾಷನಲ್ ಲೈಬ್ರರಿಯವರು ಸಾವಿರಕ್ಕೂ ಹೆಚ್ಚು ಕ್ಯಾಥೊಲಿಕ್ ಪ್ಯಾರಿಷ್‌ಗಳ ಪುಸ್ತಕಗಳನ್ನು, ಹೆಚ್ಚಾಗಿ 1880ರವರೆಗಿನವು, 2015ರಲ್ಲಿ ಆನ್‌ಲೈನ್ ಹಾಕಿದರು. ಅಲ್ಲಿ ಹೆಸರು ಹಾಕಿ ಹುಡುಕಲು ಆಗುವುದಿಲ್ಲ, ಪುಟ ತಿರುವುತ್ತಾ ಓದಬೇಕು. ಕೆರಿಯ ಬಹಳಷ್ಟು ಚರ್ಚು ದಾಖಲೆಗೆ ಹೆಸರಿನ ಸೂಚಿ ಆ ಸರ್ಕಾರಿ ಸೈಟಿನಲ್ಲೇ ಇದೆ, ನಿಮ್ಮ ಅದೃಷ್ಟ. ಆದರೂ ಸೂಚಿ ನೋಡಿ ಸುಮ್ನೆ ಬಿಡಬೇಡಿ, ಮೂಲ ಪುಟ ತೆರೆಯಿರಿ. ಕೆಲವು ಪುಟ ಮಸಿ ಚೆಲ್ಲಿ ಕಪ್ಪಾಗಿವೆ, ಕೆಲವದರಲ್ಲಿ ಪಾದ್ರಿಯ ಅಕ್ಷರ ಇರುವೆ ಸಾಲಿನ ಹಾಗಿದೆ. ಹೆಸರುಗಳು ಬಹಳ ಕಡೆ ಲ್ಯಾಟಿನ್‌ನಲ್ಲಿ. ಜೊವಾನೆಸ್ ಅಂದರೆ ಜಾನ್, ಜಾಕೊಬುಸ್ ಅಂದರೆ ಜೇಮ್ಸ್, ಗುಲಿಯೆಲ್ಮುಸ್ ಅಂದರೆ ವಿಲಿಯಮ್. ಹೊನೋರಾ ಮುಂದೆ ನೋರಾ ಆಗುತ್ತಾಳೆ, ಬ್ರಿಜಿಡ್ ಅಮೆರಿಕದಲ್ಲಿ ಡೀಲಿಯಾ ಆಗುತ್ತಾಳೆ. ಜೆರಮಯಾ ಮತ್ತು ಡಾರ್ಬಿ ಒಬ್ಬನೇ ಇರಬಹುದು, ಎರಡೂ ಡಿಯರ್ಮಿಡ್ ಎಂಬ ಐರಿಶ್ ಹೆಸರಿಗೆ ಇಟ್ಟುಕೊಂಡವು. ಓ’ಸಲಿವನ್ ಅಂತ ಹುಡುಕಿ ಸಿಗಲಿಲ್ಲ ಎಂದಿದ್ದೀರಿ, ಆ ಕಾಲದ ಪುಸ್ತಕಗಳಲ್ಲಿ ಓ ಬಿಟ್ಟೇ ಬರೆಯುತ್ತಿದ್ದರು, ಬಹಳ ಮಂದಿ ಅದನ್ನು ಮತ್ತೆ ಸೇರಿಸಿಕೊಂಡದ್ದು ಆಮೇಲೆ.

ದೀಕ್ಷಾಸ್ನಾನದ ಸಾಲಿನ ಕೊನೆಗೆ ಎರಡು ಹೆಸರು ಇರುತ್ತವೆ, ಗಾಡ್‌ಫಾದರ್ ಮತ್ತು ಗಾಡ್‌ಮದರ್. ಅವಸರದಲ್ಲಿ ಎಲ್ಲರೂ ಇದನ್ನು ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅವರು ಬಹುತೇಕ ಮಗುವಿನ ಸೋದರಮಾವ, ಚಿಕ್ಕಮ್ಮ, ಅತ್ತೆ, ಇಲ್ಲವೇ ಪಕ್ಕದ ಮನೆಯವರು. ಎಲ್ಲ ಮಕ್ಕಳ ಗಾಡ್‌ಪೇರೆಂಟ್‌ಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡರೆ ಆ ಮನೆಯ ನಂಟಸ್ತನ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ.

ನಾನು ದಾರಿ ತಪ್ಪಿದ್ದೂ ಇದನ್ನು ಬಿಟ್ಟಿದ್ದರಿಂದಲೇ. ಅತ್ತೆಯ ಮುತ್ತಜ್ಜ ಜಾನ್, ಅವರ ಅಪ್ಪ ಡ್ಯಾನಿಯಲ್ ಅಂತ ಮದುವೆ ದಾಖಲೆಯಲ್ಲಿತ್ತು. ಪಕ್ಕದ ಪ್ಯಾರಿಷ್‌ನಲ್ಲಿ ಸರಿಯಾದ ವರ್ಷಕ್ಕೆ ಒಬ್ಬ ಜಾನ್ ಸಿಕ್ಕ, ಅಪ್ಪ ಡ್ಯಾನಿಯಲ್. ಕುಣಿದಾಡಿಬಿಟ್ಟೆ. ಎಂಟು ತಿಂಗಳು ಆ ಮನೆಯ ಹಿಂದೆ ಬಿದ್ದೆ, ಮೂರು ತಲೆಮಾರು ಬರೆದೆ, ಅತ್ತೆಗೆ ಓದಿ ಹೇಳಿದ್ದೂ ಆಯಿತು. ಆಮೇಲೆ ನೋಡಿದರೆ ಆ ಜಾನ್ 1911ರಲ್ಲೂ ತನ್ನ ಊರಲ್ಲೇ ಬೇರೆ ಹೆಂಡತಿ, ಬೇರೆ ಮಕ್ಕಳ ಜತೆ ಇದ್ದಾನೆ. ನಮ್ಮವರೇ ಅಲ್ಲ. ಅತ್ತೆಗೆ ಅದನ್ನು ಹೇಳುವುದು ನನಗೆ ಬಹಳ ಕಷ್ಟವಾಯಿತು. ಸಿಕ್ಕವನು ನಿಮ್ಮವನು ಅಂತ ಬರೆಯುವ ಮುಂಚೆ, ಅವನು ಬೇರೆ ಎಲ್ಲಾದರೂ ಸತ್ತಿದ್ದಾನಾ, ಮದುವೆಯಾಗಿದ್ದಾನಾ ಅಂತ ಹುಡುಕಿ ನೋಡಿ.

ಅಲ್ಲಿಂದ ನನ್ನನ್ನು ಎತ್ತಿದ್ದು ಜಮೀನಿನ ದಾಖಲೆ. ರಿಚರ್ಡ್ ಗ್ರಿಫಿತ್ ಎಂಬುವರ ಮೇಲ್ವಿಚಾರಣೆಯಲ್ಲಿ 1847ರಿಂದ 1864ರವರೆಗೆ ಇಡೀ ಐರ್ಲೆಂಡಿನ ಮನೆ, ಹೊಲ ಅಳೆದು ಬೆಲೆ ಕಟ್ಟಿದರು, ತೆರಿಗೆ ಹಾಕಲು. ಇದನ್ನು ಗ್ರಿಫಿತ್ಸ್ ವ್ಯಾಲ್ಯುಯೇಷನ್ ಅನ್ನುತ್ತಾರೆ. ಆಸ್ಕ್ ಅಬೌಟ್ ಐರ್ಲೆಂಡ್ ಸೈಟಿನಲ್ಲಿ ನಕ್ಷೆ ಸಮೇತ ಬಿಟ್ಟಿ ಇದೆ. ನಮ್ಮ ಪಹಣಿ ಓದಿದವರಿಗೆ ಇದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಸರ್ವೆ ನಂಬರಿನ ಹಾಗೆ ನಕ್ಷೆಯ ಒಂದು ನಂಬರ್, ಅನುಭವದಲ್ಲಿರುವವರ ಹೆಸರು, ಗೇಣಿ ಯಾರಿಗೆ ಅನ್ನೋದು, ಮನೆ ಕೊಟ್ಟಿಗೆ ವಿವರ, ವಿಸ್ತೀರ್ಣ, ಬೆಲೆ. ಅದರಲ್ಲಿ ‘ಆಫೀಸ್’ ಅಂತ ಬರೆದಿದ್ದರೆ ಕಚೇರಿ ಅಂದುಕೊಳ್ಳಬೇಡಿ, ಅದು ದನದ ಕೊಟ್ಟಿಗೆ, ಕಣಜ ಇಂಥವು. ವಿಸ್ತೀರ್ಣ ಎಕರೆ, ರೂಡ್, ಪರ್ಚ್ ಲೆಕ್ಕ. ಒಂದು ರೂಡ್ ಅಂದರೆ ನಮ್ಮ 10 ಗುಂಟೆ, ನಾಲ್ಕು ಪರ್ಚ್ ಸೇರಿದರೆ ಒಂದು ಗುಂಟೆ.

ಒಂದೇ ಟೌನ್‌ಲ್ಯಾಂಡಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಗುಮಾಸ್ತರು ಪಕ್ಕದಲ್ಲಿ ಕಂಸ ಹಾಕಿ ಅಪ್ಪನ ಹೆಸರೋ ಅಡ್ಡಹೆಸರೋ ಬರೆಯುತ್ತಿದ್ದರು. ನಮಗೆ ಸಿಕ್ಕಿದ್ದು ಇದು. ಡ್ಯಾನಿಯಲ್ ಸಲಿವನ್, ಕಂಸದಲ್ಲಿ ಮೈಕಲ್. ಅದರ ಕೆಳಗೇ ಇನ್ನೊಬ್ಬ ಡ್ಯಾನಿಯಲ್ ಸಲಿವನ್, ಕಂಸದಲ್ಲಿ ಜಾನ್. ನಮ್ಮ ಡ್ಯಾನಿಯಲ್‌ನ ಹಿರಿಮಗನ ಹೆಸರು ಮೈಕಲ್. ಐರಿಶ್ ರೈತರ ಮನೆಗಳಲ್ಲಿ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ತಾಯಿಯ ಅಪ್ಪನ ಹೆಸರು ಇಡುವ ರೂಢಿ ಇತ್ತು. ನಮ್ಮ ಕಡೆ ಅಜ್ಜನ ಹೆಸರು ಇಡುವ ಹಾಗೇ. ರೂಢಿಯೊಂದೇ ಸಾಕ್ಷಿ ಆಗದು. ಆದರೆ ಗಾಡ್‌ಫಾದರ್‌ಗಳಲ್ಲಿ ಇಬ್ಬರು ಅದೇ ಪುಟದಲ್ಲಿ ಪಕ್ಕದ ಹೊಲದವರಾಗಿ ಸಿಕ್ಕಾಗ ಚರ್ಚಿನ ಪುಸ್ತಕ ಮತ್ತು ಜಮೀನಿನ ಪುಸ್ತಕ ಎರಡೂ ಒಂದೇ ಮನೆ ತೋರಿಸಿದವು. ಆಗ ಮಾತ್ರ ನಂಬಿದೆ.

ಆ ಪುಟದಲ್ಲಿ ಇನ್ನೊಂದು ಹೆಸರು ನೋಡಿ ನನಗೆ ಮೈ ಜುಮ್ಮೆಂದಿತು. ಗೇಣಿ ಪಡೆಯುವ ಧಣಿಯ ಕಾಲಂನಲ್ಲಿ ಮೇಲಿಂದ ಕೆಳಗೆ ಒಂದೇ ಹೆಸರು, ಮಾರ್ಕ್ವಿಸ್ ಆಫ್ ಲ್ಯಾನ್ಸ್‌ಡೌನ್. ಮಾರ್ಕ್ವಿಸ್ ಅಂದರೆ ಬ್ರಿಟಿಷ್ ಶ್ರೀಮಂತರ ಒಂದು ಬಿರುದು. ಆಗ ಕೆನ್ಮೇರ್ ಸುತ್ತಿನ ಜಮೀನೆಲ್ಲ ಹೆಚ್ಚಾಗಿ ಅವರದ್ದೇ ಆಗಿತ್ತು. ಅದೇ ಮನೆತನದ ಐದನೇ ಮಾರ್ಕ್ವಿಸ್ 1888ರಿಂದ 1894ರವರೆಗೆ ಇಂಡಿಯಾದ ವೈಸರಾಯ್ ಆಗಿದ್ದವರು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಅವರದ್ದೇ ಹೆಸರು. ಕಾಲೇಜು ದಿನಗಳಲ್ಲಿ ಅಲ್ಲಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ನಾನು ಎಷ್ಟು ಸಂಜೆ ಕಳೆದಿದ್ದೇನೋ. ನಾನು ಓಡಾಡಿದ ಆ ಕಟ್ಟಡದ ಹೆಸರಿನವರಿಗೆ ನನ್ನ ಗಂಡನ ಹಿರಿಯರು ಗೇಣಿ ಕಟ್ಟುತ್ತಿದ್ದರು. ಐರ್ಲೆಂಡಿನ ದೊಡ್ಡ ಬರಗಾಲದ ಕೊನೆಯಲ್ಲಿ, 1851ರ ಸುಮಾರು, ಇದೇ ಎಸ್ಟೇಟಿನವರು ತಮ್ಮ ಸಾವಿರಾರು ಬಡ ಗೇಣಿದಾರರಿಗೆ ಹಡಗಿನ ಖರ್ಚು ಕೊಟ್ಟು ಅಮೆರಿಕಕ್ಕೆ ಸಾಗಹಾಕಿದರು. ಬಹಳಷ್ಟು ಜನ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಅನ್ನೋ ಬಡವರ ಕೇರಿಗೆ ಹೋದರು. ಹಾಗಾಗಿ ನಿಮ್ಮವರೂ ಈ ಕಡೆಯವರೇ ಆಗಿದ್ದರೆ ಅವರ ನಂಟರು ನ್ಯೂಯಾರ್ಕಿನಲ್ಲಿ ಮೊದಲೇ ಇದ್ದಿರಬಹುದು, ಅಲ್ಲೂ ನೋಡಿ.

ಗ್ರಿಫಿತ್ ನಂತರ ಆ ಪುಸ್ತಕಗಳನ್ನು ಆಗಾಗ ತಿದ್ದುತ್ತಾ ಬಂದರು. ಇವಕ್ಕೆ ಕ್ಯಾನ್ಸಲ್ಡ್ ಬುಕ್ಸ್ ಅನ್ನುತ್ತಾರೆ. ಹಳೇ ಹೆಸರು ಹೊಡೆದುಹಾಕಿ ಹೊಸದನ್ನು ಬೇರೆ ಬಣ್ಣದ ಮಸಿಯಲ್ಲಿ ಬರೆದು ಪಕ್ಕದಲ್ಲಿ ವರ್ಷ ಹಾಕಿರುತ್ತಾರೆ. ಕೆರಿಯದ್ದು ಡಬ್ಲಿನ್‌ನ ಹಳೇ ವ್ಯಾಲ್ಯುಯೇಷನ್ ಕಚೇರಿಯ ಸಂಗ್ರಹಕ್ಕೆ ಸೇರಿದ್ದು, ಆ ಕಚೇರಿ 2023ರಲ್ಲಿ ಟಾಲ್ಚ ಏರನ್ (Tailte Éireann) ಅನ್ನೋ ಸರ್ಕಾರಿ ಸಂಸ್ಥೆಯಲ್ಲಿ ವಿಲೀನವಾಯಿತು. ಉತ್ತರ ಐರ್ಲೆಂಡಿನ ಆರು ಕೌಂಟಿಗಳದ್ದಾದರೆ ಬೆಲ್‌ಫಾಸ್ಟಿನ ಸರ್ಕಾರಿ ದಾಖಲೆ ಕಚೇರಿ ಆನ್‌ಲೈನ್ ಹಾಕಿದೆ. ಹೆಸರು ಬದಲಾದ ವರ್ಷ ಅಂದರೆ ಬಹುಶಃ ಅಪ್ಪ ಸತ್ತ ವರ್ಷ, ಇಲ್ಲವೇ ಮಗನ ಮದುವೆಯಾದ ವರ್ಷ, ಅಲ್ಲಿಂದ ಮರಣ ದಾಖಲೆ ಹುಡುಕುವುದು ಸುಲಭ. ಒಂದು ಪುಟದಲ್ಲಿ ಧಣಿಯ ಹೆಸರಿಗೆ ಗೀಟು ಎಳೆದು ‘ಇನ್ ಫೀ’ ಅಂತ ಬರೆದಿರುವುದು ಕಾಣುತ್ತದೆ. 1903ರ ಭೂ ಕಾಯಿದೆಯ ಮೇಲೆ ಗೇಣಿದಾರರು ಸರ್ಕಾರದ ಸಾಲ ತೆಗೆದುಕೊಂಡು ಹೊಲ ಕೊಂಡುಕೊಂಡ ಗುರುತು ಅದು. ನಮ್ಮಲ್ಲಿ 1974ರಲ್ಲಿ ‘ಉಳುವವನೇ ಹೊಲದೊಡೆಯ’ ಬಂದಾಗ ಡಿಕ್ಲರೇಷನ್ ಕೊಟ್ಟ ಮನೆಯಲ್ಲಿ ಬೆಳೆದ ನನ್ನ ಅಪ್ಪನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ‘ಎಷ್ಟು ಎಕರೆ ಬಂತಂತೆ ಅವರಿಗೆ?’ ಅಂತ ಮೊದಲು ಕೇಳಿದರು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಟೈದ್ ಅಪ್ಲಾಟ್‌ಮೆಂಟ್ ಪುಸ್ತಕಗಳಿವೆ, ಅಂದರೆ ಚರ್ಚ್ ಆಫ್ ಐರ್ಲೆಂಡಿಗೆ ಕಟ್ಟಬೇಕಿದ್ದ ತೆರಿಗೆಯ ಲೆಕ್ಕ, 1823ರಿಂದ 1837ರ ಸುಮಾರಿನವು. ಹೊಲ ಇದ್ದವರ ಹೆಸರು ಮಾತ್ರ ಇದೆ, ಕೂಲಿಯವರದ್ದಿಲ್ಲ. ಬಹಳ ಕಡೆ ಎಕರೆಯೂ ಐರಿಶ್ ಎಕರೆ, ಈಗಿನ ಎಕರೆಯ ಒಂದೂವರೆ ಪಟ್ಟಿಗಿಂತ ದೊಡ್ಡದು, ಹಾಗಾಗಿ ಗ್ರಿಫಿತ್ ಅಳತೆಯ ಜತೆ ತಾಳೆ ಆಗದಿದ್ದರೆ ಗಾಬರಿಯಾಗಬೇಡಿ.

ಹೋದ ವರ್ಷ ಅತ್ತೆಯನ್ನು ಕರೆದುಕೊಂಡು ಆ ಜಾಗಕ್ಕೆ ಹೋದೆವು. ಗ್ರಿಫಿತ್ ನಕ್ಷೆಯನ್ನು ಫೋನಿನಲ್ಲಿ ಇಟ್ಟುಕೊಂಡು ಬೇಲಿ ಹಿಡಿದು ನಡೆದರೆ ಹೊಲದ ಗಡಿ ಇವತ್ತಿಗೂ ಹಾಗೇ ಇದೆ. ಮನೆ ಇಲ್ಲ, ಒಂದು ಗೋಡೆ, ಒಲೆ ಉರಿಯುತ್ತಿದ್ದ ಕಡೆ ಕಲ್ಲಿನ ಚಪ್ಪಡಿ ಉಳಿದಿದೆ. ಪಕ್ಕದ ಹೊಲದ ಮುದುಕರು ಟ್ರ್ಯಾಕ್ಟರ್ ನಿಲ್ಲಿಸಿ ಬಂದು ಮಾತಾಡಿಸಿದರು. ಅವರ ಮನೆತನದ ಹೆಸರು ನಮ್ಮ ಗಾಡ್‌ಫಾದರ್ ಪಟ್ಟಿಯಲ್ಲಿತ್ತು.

ಬಾಸ್ಟನ್ ಮದುವೆ ದಾಖಲೆಯಿಂದ ಶುರು ಮಾಡಿ. ಡ್ಯಾನಿಯಲ್ ಅವರ ಅಮ್ಮನ ತವರಿನ ಹೆಸರು ಸಿಕ್ಕಿದರೆ ಇಲ್ಲೇ ಕೆಳಗೆ ಬರೆಯಿರಿ. ಕೆನ್ಮೇರ್ ಕಡೆಯ ಪುಟಗಳನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಆ ಪಾದ್ರಿಗಳ ಕೈಬರಹ ನನಗೆ ಈಗ ಗುರುತು ಸಿಗುತ್ತದೆ, ಖಂಡಿತ ನೋಡಿ ಹೇಳುತ್ತೇನೆ.