ಘಾಟಿನಲ್ಲಿ ಜಾರುವ ಕ್ಲಚ್

ಪ್ರಶ್ನೆ: ನನ್ನದು 1968ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಕಾತ್ರಜ್ ಘಾಟ್ ಏರುವಾಗ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ. ಕ್ಲಚ್ ಪ್ಲೇಟ್ ಒಂದನ್ನೇ ಬದಲಿಸಿದರೆ ಸಾಕೆ?
– ಓದುಗರೊಬ್ಬರು, ಕೊಥ್ರೂಡ್, ಪುಣೆ

ಉತ್ತರ: ಅವಸರ ಬೇಡ. ಮೊದಲು ಕ್ಲಚ್ ಪೆಡಲ್ ಅನ್ನು ಬೆರಳಿನಿಂದ ಒತ್ತಿ ನೋಡಿ. 10ರಿಂದ 20 ಮಿಮೀ ಸಡಿಲ ಇರಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸ್ ಪಕ್ಕದ ಕೇಬಲ್ ತುದಿಯಲ್ಲಿರುವ ಚಿಟ್ಟೆ ನಟ್ ತಿರುಗಿಸಿ, ಖರ್ಚಿಲ್ಲದ ರಿಪೇರಿ.

ಆಗಲೂ ಜಾರಿದರೆ ಎಂಜಿನ್ ಇಳಿಸಲೇಬೇಕು. ಹಿಡಿದಿರುವುದು ನಾಲ್ಕೇ ಬೋಲ್ಟು. ಪ್ಲೇಟಿಗೆ ಎಣ್ಣೆ ಅಂಟಿದ್ದರೆ ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ) ಹಿಂದಿನ, ಎಣ್ಣೆ ತಡೆಯುವ ಸೀಲ್ ಹೋಗಿದೆ ಅಂತಲೇ ಮೊದಲು ಅನುಮಾನಿಸಿ. ಅದನ್ನು ಹಾಗೇ ಬಿಟ್ಟು ಹೊಸ ಪ್ಲೇಟ್ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ. ಸೀಲ್ ಬದಲಿಸಲು ಕಳಚಿದ ಫ್ಲೈವೀಲ್‌ನ 36 ಮಿಮೀ ನಟ್ ಮತ್ತೆ ಬಿಗಿಯಲು ಸುಮಾರು 35 ಕೆಜಿ-ಮೀಟರ್ ತಿರುಚುಬಲ ಬೇಕು, ಬರೀ ತೋಳಿನ ಮಾತಲ್ಲ.

ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗನ್ನೂ ಬದಲಿಸಿ. ನಾನು ಎಡವಿದ್ದು ಇಲ್ಲೇ. ನಿಮ್ಮದರಂಥ ಹಳೆಯ ಮಾದರಿಯಲ್ಲಿ ಬೇರಿಂಗ್ ಅದನ್ನು ತಳ್ಳುವ ಫೋರ್ಕಿಗೆ ಕ್ಲಿಪ್ಪಿನಲ್ಲಿ ಕೂತು, ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಭಾಗ) ನಡುವಿನ ಉಂಗುರವನ್ನು ಒತ್ತುತ್ತದೆ. 1971ರ ಮಾದರಿಯಿಂದ ಅದು ಕೊಳವೆಯ ಮೇಲೆ ಜಾರುತ್ತದೆ, ಉಂಗುರವಿಲ್ಲ. ಪುಣೆಯ ಬಿಡಿಭಾಗಗಳ ಪೇಟೆಯಾದ ನಾನಾ ಪೇಠೆಯಲ್ಲಿ ಅವಸರದಲ್ಲಿ ಒಂದು ಮಾದರಿಯ ಬೇರಿಂಗ್, ಇನ್ನೊಂದರ ಪ್ರೆಶರ್ ಪ್ಲೇಟ್ ತಂದು, ಎಂಜಿನ್ ಎರಡು ಸಲ ಇಳಿಸಿದೆ ನೋಡಿ! ನೀವು ಹಳೇ ಸಾಮಾನನ್ನು ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.